ಏಳನೆಯ ಹೆಸರು

ಅಕ್ಕಾ,

ನೀನು ತೀರಿಕೊಂಡು ಮೂರು ವರ್ಷವಾದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ಮಗಳಿಗಾಗಿ ಎರಡು ವಿಶ್ವವಿದ್ಯಾಲಯಗಳನ್ನು ನೋಡುತ್ತಿದ್ದೇವೆ. ನಾನು ಓದಿದ ಕಡೆ ಕೇಳಿದವರಿಗೆಲ್ಲ ಸೀಟು, ಶುಲ್ಕ ಮಾತ್ರ ಇನ್ನೊಂದರ ನಾಲ್ಕು ಪಟ್ಟು. ನಾನು ಕಾಲೇಜು ಸೇರಿದ ವರ್ಷವೇ ನೀನೂ ಅರ್ಜಿ ಹಾಕಿ, ಸೀಟು ಸಿಗಲಿಲ್ಲ ಎಂದಿದ್ದೆಯಲ್ಲ, ಆ ಇನ್ನೊಂದರಲ್ಲಿ ಶುಲ್ಕ ಕಡಿಮೆ, ಆದರೆ ನೂರು ಜನರಲ್ಲಿ ಐವರಿಗಷ್ಟೇ ಪ್ರವೇಶ.

ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆವು. "ನಮ್ಮಕ್ಕನಿಗೇ ಸಿಗಲಿಲ್ಲ, ಇವಳಿಗೆ ಸಿಗುತ್ತಾ?" ಎಂದು ನಕ್ಕೆ. ಪ್ರವೇಶ ಕಚೇರಿಯ ಗುಮಾಸ್ತರು ನಿನ್ನ ವರ್ಷ, ಹೆಸರು ಕೇಳಿ ಹಳೆಯ ದಾಖಲೆ ಪುಸ್ತಕ ತೆಗೆದರು.

"ಸಿಕ್ಕಿತ್ತಲ್ಲಮ್ಮ! ಏಳನೇ ಹೆಸರೇ ಅವರದು. ಅವರೇ ಬಂದು, ಸೀಟು ಬೇಡ ಅಂತ ಬರೆದು ಸಹಿ ಹಾಕಿದಾರೆ ನೋಡಿ."

ಸಹಿಯ ಕೆಳಗಿದ್ದದ್ದು ಅಪ್ಪ ನನ್ನ ಶುಲ್ಕ ಕಟ್ಟಿ ಬರಿಗೈಯಲ್ಲಿ ಮನೆಗೆ ಬಂದ ಮರುದಿನದ ತಾರೀಕು.

ನೀನು ಬಟ್ಟೆಯಂಗಡಿಗೆ ಬಿಲ್ಲು ಬರೆಯಲು ಸೇರಿದಾಗ ಗೆಳತಿಯರೆದುರು ನಿನ್ನನ್ನು "ಸೀಟಿಲ್ಲದ ಮಹಾರಾಣಿ" ಎಂದು ಆಡಿಕೊಂಡಿದ್ದೆ. ನೀನೂ ನಕ್ಕಿದ್ದೆ.

"ದೊಡ್ಡಮ್ಮ ಎಷ್ಟು ಒತ್ತಿ ಬರೆದಿದಾರಮ್ಮ," ಎಂದಳು ಮಗಳು.

ಹಾಳೆ ತಿರುವಿದೆ. ಹಿಂಬದಿಯಲ್ಲೂ ನಿನ್ನ ಅಕ್ಷರಗಳು ಉಬ್ಬಿ ನಿಂತಿದ್ದವು. ಗುಮಾಸ್ತರು "ಮುಚ್ಚಲಾ ಅಮ್ಮ?" ಎಂದು ಎರಡು ಸಲ ಕೇಳಿದರೂ ಅವುಗಳ ಮೇಲಿಂದ ಬೆರಳು ತೆಗೆಯಲಾಗಲಿಲ್ಲ.