ಅವ್ವನ ಒಲೆಗೆ ಹೊಗೆ ಕೊಳವೆ

ಅಪ್ಪ,

ಸತ್ತ ಮೇಲಾದರೂ ನನ್ನ ಮಾತು ಕೇಳು. ಇವತ್ತು ಅವ್ವನ ಅಡುಗೆ ಒಲೆಗೆ ಹೊಗೆ ಕೊಳವೆ ಹಾಕಿಸಿದೆ. ದೊಡ್ಡಬಳ್ಳಾಪುರದಿಂದ ತಗಡಿನ ಕೊಳವೆ ತಂದು, ಒಲೆಯ ಹಿಂದೆ ಮಣ್ಣು ಮೆತ್ತಿ ಕೂರಿಸಿ, ಒಂದು ಹೆಂಚು ತೆಗೆದು ಸೂರಿನಾಚೆಗೆ ಬಿಟ್ಟೆವು. ಅರ್ಧ ದಿನದ ಕೆಲಸ, ಅಷ್ಟೆ.

ಬೆಲ್ಲ ಕಪ್ಪಾಗುತ್ತದೆಂದು ಆಲೆಮನೆಗೆ ಹೊಗೆಗೂಡು ಕಟ್ಟಿಸಿದವನು ನೀನು. ಅವ್ವ ಕೇಳಿದಾಗ ಮಾತ್ರ, "ಹೆಂಗಸ್ರಿಗೆ ಹೊಗೆ ಹೊಸದಾ? ಹೆಂಚು ಮುಟ್ಟಬ್ಯಾಡ" ಎಂದು ಗದರಿದೆ.

ಸೌದೆ ಹಚ್ಚಿದೆ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು.

"ನೋಡವ್ವ, ಒಳಗೆ ಒಂಚೂರೂ ಹೊಗೆಯಿಲ್ಲ" ಅಂದೆ.

ಅವ್ವ ಕಣ್ಣುಜ್ಜಿಕೊಂಡು ಸುತ್ತ ನೋಡಿದಳು. "ಇನ್ನೂ ಮಬ್ಬಾಗೇ ಐತಲ್ಲೇ, ಪಿಳ್ಳಿ."

ಅದು ಹೊಗೆಯಲ್ಲ, ಅವಳ ಕಣ್ಣು. ಅವಳಿಗೆ ನಾನು ಹೇಳಲಾರೆ. ನೀನೇ ಬಂದು ಹೇಳು.