ಕೆಳಗಿನ ಫೋನು

ಸೋಮವಾರ, ಮಧ್ಯಾಹ್ನ
ಮಗಳ ಮನೆಯಿಂದ

ಮನೆಯವರಿಗೆ,

ಕ್ಷೇಮ ಕೇಳಲು ಮನಸ್ಸಾಗುತ್ತಿಲ್ಲ, ಚೆನ್ನಾಗಿಯೇ ಇರುತ್ತೀರಿ. ಹೇಳದೆ ಕೇಳದೆ ಹೊರಟುಹೋದಳೆಂದು ಪಕ್ಕದಂಗಡಿಯ ದರ್ಜಿಯ ಹತ್ತಿರ ದೂರಿಯೂ ಇರುತ್ತೀರಿ. ಯಾಕೆ ಬಂದೆ ಎಂದು ಬರೆಯುತ್ತೇನೆ, ಓದಿ.

ಮಗಳು ತಾನು ಮೆಚ್ಚಿದವನನ್ನು ಮದುವೆಯಾದ ಮೇಲೆ ಮನೆಯಲ್ಲಿ ಅವಳ ಮಾತೆತ್ತಬಾರದೆಂದಿರಿ. ದೂರದ ಊರಿನ ಕರೆ ಹೋಗದಂತೆ ಫೋನಿಗೆ ಬೀಗ ಹಾಕಿದಿರಿ. ಫೋನ್ ರಿಪೇರಿಯವರಿಗೆ ಅದೇನು ಮಹಾ ಕೆಲಸ! ಯಾವುದೋ ಗಿರಾಕಿ ಬಿಟ್ಟುಹೋದ ಹಳೆಯ ಕಂಪ್ಯೂಟರನ್ನು ಮಹಡಿಯಲ್ಲಿಟ್ಟುಕೊಂಡು, ಹೊಲಿಗೆಯ ಮಾದರಿ ನೋಡುತ್ತೇನೆಂದು ನಿಮಗೆ ಸುಳ್ಳು ಹೇಳಿ, ಫೋನ್ ಲೈನಿನಲ್ಲಿ ಊರೊಳಗಿನ ನಂಬರಿಗೇ ಡಯಲ್ ಮಾಡಿ ಅವಳ ಇ-ಮೇಲ್ ಓದುತ್ತಿದ್ದೆ. ನೀವು ನಂಬಿದ್ದೀರಿ ಅಂದುಕೊಂಡಿದ್ದೆ.

ಆಮೇಲೆ ಸಂಪರ್ಕ ಕಡಿಯತೊಡಗಿತು. ಲೈನಿಗೆ ಸಿಕ್ಕಿಸಿದ ಮೋಡೆಮ್ ಕಿರುಚಿ, ಗೊರಗುಟ್ಟಿ ಸೇರಿಕೊಳ್ಳುತ್ತಿತ್ತು. ಅವಳು ಕಳಿಸಿದ ಯಾವುದೋ ಚಿತ್ರ ಇಳಿಯಲು ಶುರುವಾದರೆ ಸಾಕು, ಪಟ್ಟನೆ ಹೋಗುತ್ತಿತ್ತು. ಮತ್ತೆ ಡಯಲ್ ಮಾಡಿದರೆ ಅದೇ ಚಿತ್ರ, ಮೊದಲಿನಿಂದ. ಆಮೇಲೆ ಬಂದ ಪತ್ರಗಳೆಲ್ಲ ಅದರ ಹಿಂದೆಯೇ ಸಾಲುಗಟ್ಟಿ ನಿಂತಿದ್ದವು.

ನಿಮ್ಮನ್ನೇ ಕೇಳಿದೆ. ಅಂಗಡಿ ಮುಚ್ಚಿ ಮೇಲೆ ಬಂದು ಎಷ್ಟು ತಾಳ್ಮೆಯಿಂದ ನೋಡಿದಿರಿ! ಗೋಡೆಯ ಸಾಕೆಟ್ ಬಿಚ್ಚಿ ಒರೆಸಿದಿರಿ, ವೈರು ಬದಲಿಸಿದಿರಿ, ವೇಗ ಇಳಿಸಿದಿರಿ, ಲೈನಿನಲ್ಲಿ ಗರಗರ ಇದೆ ಎಂದಿರಿ. ಬೇರೆ ಮೋಡೆಮ್ಮನ್ನೂ ತಂದು ಹಾಕಿದಿರಿ. ಮದುವೆಯಾದಾಗಿನಿಂದ ನೀವು ನನ್ನ ಪಕ್ಕ ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಕೆಟ್ಟೇ ಇರಲಿ ಎಂದೂ ಒಮ್ಮೊಮ್ಮೆ ಅನಿಸಿತ್ತು.

ಹೋದ ಬುಧವಾರ ಸಂಪರ್ಕ ಕಡಿದ ಕೂಡಲೇ, ಲೈನಿನ ಗರಗರ ಕೇಳಿಸುತ್ತದೇನೋ ಎಂದು ಮಹಡಿಯ ಫೋನೆತ್ತಿ ಕಿವಿಗಿಟ್ಟೆ. ಕೇಳಿಸಿದ್ದು ನಿಮ್ಮ ಅಂಗಡಿಯ ರೇಡಿಯೋ. ಎರಡೂ ಫೋನು ಒಂದೇ ಲೈನಿನವು. ನಾನು ಡಯಲ್ ಮಾಡಿದರೆ ಕೆಳಗೆ ಗಂಟೆ ಕಿಣಿಗುಟ್ಟುತ್ತದೆ, ನೀವು ರಿಸೀವರ್ ಎತ್ತಿದರೆ ಮೇಲೆ ಮೋಡೆಮ್ ಸಾಯುತ್ತದೆ. ನೀವು ದರ್ಜಿಗೆ ಹೇಳುತ್ತಿದ್ದಿರಿ, "ಈಗ ಇಳಿದು ಬರ್ತಾಳೆ ನೋಡು, ಮತ್ತೆ ಹೋಯ್ತು ರೀ ಅಂತ." ಅವನು ನಕ್ಕ.

ನಾನು ಇಳಿದು ಬಂದೆ. "ಮತ್ತೆ ಹೋಯ್ತು ರೀ" ಅಂದೆ. "ಹಳೇ ಮಿಷನ್ನು, ಅದರ ಹಣೆಬರಹವೇ ಅಷ್ಟು" ಅಂದಿರಿ, ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುತ್ತಾ.

ಮರುದಿನ ನೀವು ಬಿಡಿಭಾಗ ತರಲು ಹೋದಾಗ ಅಂಗಡಿಯ ಫೋನಿನ ವೈರು ಕಿತ್ತು ಮೇಲೆ ಹೋಗಿ ಕೂತೆ. ಎಲ್ಲವೂ ಬಂದವು. ಆ ಚಿತ್ರ ಹೊಟ್ಟೆಯೊಳಗಿನ ಮಗುವಿನದು, ಸ್ಕ್ಯಾನಿನದು. ಅದರ ಹಿಂದೆಯೇ ಬಂದ ಪತ್ರ: ಅಮ್ಮಾ, ಡಾಕ್ಟರು ಮಲಗಿಯೇ ಇರಬೇಕು ಅಂದಿದ್ದಾರೆ, ಇವರಿಗೆ ರಜೆ ಇಲ್ಲ, ನೀನು ಬಾ. ಅದರ ಹಿಂದೆ: ಯಾಕೆ ಉತ್ತರ ಇಲ್ಲ? ಆಮೇಲೆ: ಅಮ್ಮಾ, ನಿನಗೂ ನಾನು ಬೇಡವಾ?

ನಾನು ಬಂದು ತಲುಪುವಾಗ ಮುಗಿದುಹೋಗಿತ್ತು. ಹೆಣ್ಣುಮಗು. ಇವಳು ಒಬ್ಬಳೇ ನೀರಿನ ಕೊಡ ಎತ್ತಿಟ್ಟಳಂತೆ, ಆಮೇಲೆ ನೋವು ಬಂತಂತೆ. ನಾನಿದ್ದಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಯಾರೂ ಹೇಳಲಾರರು. ಕೊಡ ಮಾತ್ರ ನಾನು ಎತ್ತುತ್ತಿದ್ದೆ.

ನಾನು ಇನ್ನು ಅಲ್ಲಿಗೆ ಬರುವುದಿಲ್ಲ. ಮಹಡಿಯ ಕೋಣೆಯನ್ನು ಏನು ಬೇಕಾದರೂ ಮಾಡಿಕೊಳ್ಳಿ.

ಇತಿ,
ನಿಮ್ಮ ಮಗಳ ತಾಯಿ

ವಿ.ಸೂ.: ಅವಳಿಗೆ ನಿಜ ಹೇಳಿಲ್ಲ. ಈ ಸ್ಥಿತಿಯಲ್ಲಿ ಅದನ್ನೂ ಅವಳ ತಲೆಗೆ ಹೇರಲಾರೆ. ಮೋಡೆಮ್ ಕೆಟ್ಟಿತ್ತು, ಅಪ್ಪ ದಿನಾ ಕೂತು ರಿಪೇರಿ ಮಾಡುತ್ತಿದ್ದರು ಎಂದುಬಿಟ್ಟೆ. "ನನಗೋಸ್ಕರ ಅಪ್ಪ ಅಷ್ಟೆಲ್ಲ ಮಾಡಿದ್ರಾ?" ಎಂದು ಅತ್ತಳು. ನಿಮಗೆ ಕಾಗದ ಬರೆಯುತ್ತಾಳಂತೆ.