ಆಲಿವ್ ಗಿಡಕ್ಕೆ ಚಳಿ

೧೨-೧೧-೨೦೦೬, ಬೆಳಿಗ್ಗೆ

ಆಲಿವ್ ಕುಂಡಕ್ಕೆ ಮತ್ತೆ ಬೇವಿನ ಹಿಂಡಿ, ಚಿಟಿಕೆ ಸುಣ್ಣ. ಎಲೆ ಬರುತ್ತಿದೆ. ಹೂವಿನ ಸುಳಿವಿಲ್ಲ. ಹೋದ ವರ್ಷ ನನ್ನ ಹೆಂಡತಿ ಜಯಲಕ್ಷ್ಮೀ ರಜೆಗೆ ಬಂದಾಗ ಇಟಲಿಯಿಂದ ತಂದ ಗಿಡ. ಅಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಅವಳದು. ಹೊರಡುವಾಗ ಮಗಳಿಗೆ ಹೇಳಿದ್ದಳು: "ಇದು ಹೂ ಬಿಡ್ಲಿ ನೇಹಾ, ಬಂದ್ಬಿಡ್ತೀನಿ." ದೀಪಾವಳಿಗೂ ಫೋನಿಲ್ಲ.

೧೯-೧೧

ನೇಹಾಳನ್ನೂ ಕರೆದುಕೊಂಡು ಚೆನ್ನೈನ ಗಿಂಡಿಯಲ್ಲಿರುವ ನರ್ಸರಿಗೆ. ಅಲ್ಲಿನ ಸೀತಾರಾಮ ನಮ್ಮ ಕಡೆಯವರೇ, ಕೊಳ್ಳೇಗಾಲ. ಗೊಬ್ಬರದ ಲೆಕ್ಕ ಕೇಳಿ ನಕ್ಕರು.

"ಏನ್ ಸ್ವಾಮಿ, ಬೀಗರೂಟ ಹಾಕ್ತಿದೀರಾ? ನಾವು ಹಾಕಿದ್ದೆಲ್ಲ ಅದು ತಿನ್ನಲ್ಲ. ನೀರಲ್ಲಿ ಕರಗಿದ್ದನ್ನ ಎಳೇ ಬೇರು ಎಳ್ಕೋಬೇಕು. ಬೇರಿಗೆ ಗಾಳಿ ಬೇಕು, ಬೆಚ್ಚಗಿರ್ಬೇಕು. ಬುಡ ತಣ್ಣಗೆ ಒದ್ದೆಯಾಗೇ ಇದ್ರೆ, ತಟ್ಟೆ ಮುಂದಿದ್ರೂ ಉಪವಾಸ."

"ಹೂವು?"

"ಅದಕ್ಕೆ ತಿಂಗಳುಗಟ್ಲೆ ಚಳಿ ಬೇಕು, ಮೇಲಿನ ರೆಂಬೆಗೆ. ಚೆನ್ನೈಲಿ ಎಲ್ಲಿಂದ ತರ್ತೀರಾ?"

ವಾಪಸ್ ಬರುವ ದಾರಿಯುದ್ದಕ್ಕೂ ನೇಹಾಳ ಬಾಯಲ್ಲಿ ಚಳಿ ಅನ್ನುವುದೊಂದೇ ಮಾತು.

೧೦-೧೨

ಎಲೆ ಹಳದಿ. ನಾನು ನೀರು ಹಾಕದಿದ್ದರೂ ಬುಡ ಒದ್ದೆ... ಇವತ್ತು ಕಂಡೆ. ನೇಹಾ ಐಸ್ ಟ್ರೇ ಬಡಿದು ಕುಂಡಕ್ಕೆ ಸುರಿಯುತ್ತಿದ್ದಳು.

"ಅಪ್ಪಾ, ಇಟಲಿ ಮಾದಿರಿ ಚಳಿ ಆಯ್ತಾ?"

"ತಣ್ಣಗಿದ್ರೆ ಬೇರು ಉಣ್ಣಲ್ಲ ಪುಟ್ಟಿ. ಗಿಡಕ್ಕೆ ಹಸಿವಾಗತ್ತೆ."

"ಪರವಾಯಿಲ್ಲೆ. ಅಮ್ಮ ವಂದು ಊಟ್ಟುವಾ." ಸ್ಕೂಲಲ್ಲಿ ಕಲಿತ ತಮಿಳು; ಪರವಾಗಿಲ್ಲ, ಅಮ್ಮ ಬಂದು ಉಣ್ಣಿಸುತ್ತಾಳಂತೆ.

ನಮ್ಮೂರಿನ ಕಥೆಗಳಲ್ಲಿ ಒಣಗಿದ ಗಿಡ ಚಿಗುರಿಯೇ ಚಿಗುರುತ್ತಿತ್ತು. ಅವನ್ನೇ ಹೇಳಿ ಮಲಗಿಸಿದವನು ನಾನು.

೧೭-೧೨

ಜಯಾ ಫೋನ್ ಮಾಡಿದಳು.

"ಆ ಗಿಡ ಇನ್ನೂ ಇದ್ಯಾ? ರೀ, ಆ ಸೆಖೇಲಿ ಅದು ಹೂ ಬಿಡಲ್ಲ ಕಣ್ರೀ. ಇಲ್ಲಿ ಎಲ್ರಿಗೂ ಗೊತ್ತು."

"ನಿನಗೂ ಗೊತ್ತಿತ್ತಾ? ನೇಹಾಗೆ ಮಾತು ಕೊಟ್ಟಾಗ್ಲೇ?"

"ನೇಹಾಗೆ ನೀವೇ ಹೇಳ್ಬಿಡಿ."

ಏನು ಹೇಳಬೇಕು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.

೧೮-೧೨, ಬೆಳಿಗ್ಗೆ

ಅರ್ಧ ಎಲೆ ನೆಲದ ಮೇಲೆ. ಬೆರಳಿಂದ ಕೆದಕಿದೆ. ಎಳೇ ಬೇರೆಲ್ಲ ಕಪ್ಪಗೆ, ಮುಟ್ಟಿದರೆ ಕಳಚಿ ಬರುತ್ತವೆ. ಮೇಲೆ ಹಿಂಡಿ ಹಾಗೇ ಇದೆ.

ನೇಹಾ ಸ್ಕೂಲ್ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ತಿರುಗಿ ನಿಂತಳು. "ಅಪ್ಪಾ, ಸಾಯಂಕಾಲಕ್ಕೆ ಐಸ್ ಇರತ್ತಾ?"

ಹೇಳಲೇಬೇಕೆಂದು ಎದ್ದವನು. "ಇರತ್ತೆ ಹೋಗು" ಅಂದೆ.

ವ್ಯಾನ್ ಹೋಯಿತು. ಟ್ರೇಗೆ ನೀರು ತುಂಬಿಸಿದೆ. ಫ್ರೀಜರ್ ಬಾಗಿಲು ತೆಗೆದು ಒಳಗಿಟ್ಟೆ.